ಬೋರ್ಡು ಬರೆಸುವ ಮೊದಲು ಹೆಸರು ಯಾರದ್ದೆಂದು ನೋಡಿ

ಬ್ರಹ್ಮಾವರ ಕಡೆಯ ಒಬ್ಬ ಅಕ್ಕ ಒಂದು ಮಧ್ಯಾಹ್ನ ಮಂಗಳೂರಿನ ನಮ್ಮ ಲಾ ಆಫೀಸಿಗೆ ಬಂದು ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಮಸಾಲೆ ಗೇರುಬೀಜ ತುಂಬುವ ಹೊಳೆಯುವ ಪೌಚ್. ಇನ್ನೊಂದು, ಕೇರಳದ ವಕೀಲರೊಬ್ಬರ ನೋಟಿಸ್. ಪೌಚಿನ ಮೇಲಿರುವ ಹೆಸರು ನಮ್ಮ ಕಕ್ಷಿದಾರರ ನೋಂದಾಯಿತ ಟ್ರೇಡ್‌ಮಾರ್ಕ್, ಹದಿನೈದು ದಿನದೊಳಗೆ ಬಳಕೆ ನಿಲ್ಲಿಸಿ ಅಂತ ಅದರಲ್ಲಿತ್ತು. ಅಕ್ಕನ ಮನೆಯ ಚಾವಡಿಯಲ್ಲಿ ಅಂಥ ಪೌಚ್ ಹತ್ತು ಸಾವಿರ ಇತ್ತು. ಬಣ್ಣಕ್ಕೊಂದು ಸಿಲಿಂಡರ್ ಮಾಡಿಸಿ ಪ್ರಿಂಟ್ ಹೊಡೆಯುವ ಪೌಚ್ ಅದು. ನೂರು ಇನ್ನೂರಕ್ಕೆಲ್ಲ ಯಾರೂ ಮೆಷಿನ್ ಓಡಿಸುವುದಿಲ್ಲ.

"ಎಂತ ಸರ್ ಇದು? ನಮ್ಮದು ಪ್ರೈವೇಟ್ ಲಿಮಿಟೆಡ್. ಈ ಹೆಸರಿಗೆ ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟಿದೆ ಅಲ್ವಾ?"

ಕೊಟ್ಟಿದೆ. ಆದರೆ ಕೊಟ್ಟದ್ದು ಕಂಪನಿಯ ಹೆಸರಿಗೆ, ಪೊಟ್ಟಣದ ಮೇಲಿನ ಹೆಸರಿಗಲ್ಲ. ಸರಕು ಯಾರದ್ದೆಂದು ತೋರಿಸುವ ಆ ಗುರುತೇ ಟ್ರೇಡ್‌ಮಾರ್ಕ್, ಅದರ ನೋಂದಣಿ ಬೇರೆ. ಕಂಪನಿ ಹೆಸರು ಮಂಜೂರು ಮಾಡುವಾಗ ಟ್ರೇಡ್‌ಮಾರ್ಕ್ ಕಡೆಗೂ ನೋಡಬೇಕೆಂಬ ನಿಯಮವೇನೋ ಇದೆ. ಅಲ್ಲಿ ಕಣ್ತಪ್ಪಿದರೆ ನಷ್ಟ ಮಾತ್ರ ನಮ್ಮದೇ. ಅಷ್ಟೇ ಅಲ್ಲ, 2013ರ ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಟ್ರೇಡ್‌ಮಾರ್ಕ್ ಇರುವವರು ಮೂರು ವರ್ಷದೊಳಗೆ ಅರ್ಜಿ ಹಾಕಿದರೆ ನಿಮ್ಮ ಕಂಪನಿಯ ಹೆಸರನ್ನೇ ಬದಲಾಯಿಸುವಂತೆ ಆದೇಶ ಬರಬಹುದು.

ನಮ್ಮಲ್ಲಿ ಹೆಚ್ಚಿನವರು ಮೊದಲು ಬೋರ್ಡು ಬರೆಸುತ್ತಾರೆ, ಆಮೇಲೆ ಸಿಎ ಹತ್ತಿರ ಹೋಗಿ ಕಂಪನಿ ಮಾಡುತ್ತಾರೆ, ನೋಟಿಸ್ ಬಂದ ಮೇಲೆ ವಕೀಲರನ್ನು ಹುಡುಕುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಹೆಸರು, ನಂತರ ಸಂಸ್ಥೆಯ ರೂಪ. ಅದಾದ ಮೇಲೆ ಹೆಸರು, ಲೋಗೋ, ಕೋಡ್ ಎಲ್ಲ ಆ ಸಂಸ್ಥೆಯದ್ದೇ ಎಂದು ತೋರಿಸುವ ಕಾಗದ. ಪೌಚು, ಬೋರ್ಡು, ವಿಸಿಟಿಂಗ್ ಕಾರ್ಡು ಕಟ್ಟಕಡೆಗೆ.

1. ಹೆಸರು ಹುಡುಕಿ

ಎರಡು ಸರ್ಕಾರಿ ವೆಬ್‌ಸೈಟುಗಳಲ್ಲಿ ಹುಡುಕಬೇಕು, ಎರಡೂ ಕಡೆ ಖರ್ಚಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಅದೇ ಹೆಸರಿನ ಕಂಪನಿಯೋ ಎಲ್‌ಎಲ್‌ಪಿಯೋ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಇದೆಯೇ ನೋಡಿ. ಟ್ರೇಡ್‌ಮಾರ್ಕ್, ಪೇಟೆಂಟ್ ನೋಂದಾಯಿಸುವ ಸರ್ಕಾರಿ ಕಚೇರಿಯ ಐಪಿ ಇಂಡಿಯಾ ಸೈಟಿನ ಪಬ್ಲಿಕ್ ಸರ್ಚ್‌ನಲ್ಲಿ ಟ್ರೇಡ್‌ಮಾರ್ಕ್ ನೋಡಿ. ಎರಡನೆಯದರಲ್ಲಿ ತಾಳ್ಮೆ ಬೇಕು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ರೀತಿ ಬರೆದು ಹುಡುಕಬೇಕು, ಯಾಕೆಂದರೆ 'ಲಕ್ಷ್ಮಿ'ಯನ್ನೋ 'ಶ್ರೀ'ಯನ್ನೋ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ. ಉಚ್ಚಾರಣೆ ಹಿಡಿದು ಹುಡುಕುವ ಫೋನೆಟಿಕ್ ಆಯ್ಕೆ ಅಲ್ಲೇ ಇದೆ, ಅದನ್ನು ಬಿಡಬೇಡಿ. ಹೆಸರಿನ ಮುಂದೆ 'ಅಬ್ಜೆಕ್ಟೆಡ್' ಎಂದು ಕಂಡರೆ ಬಿದ್ದುಹೋದ ಅರ್ಜಿ ಎಂದುಕೊಳ್ಳಬೇಡಿ. ಪರೀಕ್ಷಕರು ಆಕ್ಷೇಪ ಎತ್ತಿದ್ದಾರೆ, ಅರ್ಜಿ ಇನ್ನೂ ಜೀವಂತ ಇದೆ ಎಂದೇ ಅರ್ಥ.

ಕಿವಿಗೆ ಕೇಳಿಸುವ ರೀತಿ ಎಷ್ಟು ಮುಖ್ಯ ಅಂತೀರಾ? 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಎಂಬ ಎರಡು ಔಷಧಿಗಳ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅರ್ಧಂಬರ್ಧ ನೆನಪಿಟ್ಟುಕೊಂಡು ಅಂಗಡಿಗೆ ಹೋಗುವ ಸಾಮಾನ್ಯ ಗಿರಾಕಿಗೆ ಇವೆರಡರಲ್ಲಿ ಗೊಂದಲ ಆಗುತ್ತದೆ ಎಂದು 1962ರಲ್ಲಿ ಕೋರ್ಟ್ ಒಪ್ಪಿಕೊಂಡಿತು. ಎರಡನೆಯವರು ಬಹಳ ಕಾಲದಿಂದ ಮಾರುತ್ತಿದ್ದರು, ಮೊದಲನೆಯವರು ಸುಮ್ಮನಿದ್ದರು ಎಂಬ ಕಾರಣಕ್ಕೆ ಉತ್ತರ ಪ್ರದೇಶಕ್ಕೆ ಮಾತ್ರ ನೋಂದಣಿ ಉಳಿಯಿತು, ಅದು ಬೇರೆ ಮಾತು. ಬರೆಯುವಾಗ ನಮಗೆ ಬೇರೆಯಾಗಿ ಕಾಣುವ ಹೆಸರು ಹೇಳುವಾಗ ಒಂದೇ ಆಗಿಬಿಡಬಹುದು.

ನಮ್ಮೂರಿನವರಿಗೆ ಇನ್ನೊಂದು ಅಭ್ಯಾಸ ಉಂಟು: ದೇವರ ಹೆಸರು ಅಥವಾ ಊರಿನ ಹೆಸರು ಇಡುವುದು. ತಪ್ಪೇನಿಲ್ಲ, ಆದರೆ ಅದಕ್ಕೆ ಬೇಲಿ ಹಾಕುವುದು ಕಷ್ಟ. 'ಉಡುಪಿ' ಎಂದು ಬೋರ್ಡು ಹಾಕಿದ ಹೋಟೆಲು ದೇಶದ ಯಾವ ಊರಿನಲ್ಲಿಲ್ಲ ಹೇಳಿ? ಅದು ಒಬ್ಬರ ಸ್ವತ್ತಾಗದು. 'ರಾಮಾಯಣ' ಎಂಬ ಹೆಸರನ್ನು ಊದುಬತ್ತಿಗೆ ತಮಗೊಬ್ಬರಿಗೇ ಬೇಕೆಂದವರಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ವಸ್ತುವಿನ ಹೆಸರೂ ಹಾಗೆಯೇ. ನೀರುದೋಸೆ, ಗೋಳಿಬಜೆ ಎನ್ನುವುದು ತಿಂಡಿ ಯಾವುದೆಂದು ಹೇಳುತ್ತದೆಯೇ ಹೊರತು ಮಾಡಿದವರು ಯಾರೆಂದಲ್ಲ. ಮನೆತನದ ಹೆಸರಿಗೋ ಊರಿನ ಹೆಸರಿಗೋ ಜೊತೆಯಾಗಿ ನೀವೇ ಕಟ್ಟಿದ ಒಂದು ಪದ ಇಡಿ, ಅದು ಅರ್ಥವಿಲ್ಲದ್ದಾದರೂ ಪರವಾಗಿಲ್ಲ. ಮಾರ್ಕೆಟಿಂಗ್‌ನವರಿಗೆ ಇದು ರುಚಿಸುವುದಿಲ್ಲ; ಹೆಸರು ಕೇಳಿದ ಕೂಡಲೇ ಸರಕು ಯಾವುದೆಂದು ಗೊತ್ತಾಗಬೇಕು ಅಂತಾರೆ. ಕೋರ್ಟಿನಲ್ಲಿ ಮಾತ್ರ ಅಂಥ ಹೆಸರೇ ಮೊದಲು ಸೋಲುವುದು.

2. ಕ್ಲಾಸ್ ಯಾವುದು ನೋಡಿ

ಟ್ರೇಡ್‌ಮಾರ್ಕ್ ಕೊಡುವುದು ಸರಕಿನ ವರ್ಗ ಹಿಡಿದು. ಒಟ್ಟು 45 ಕ್ಲಾಸ್. ಸರಕಿಗೆ 1ರಿಂದ 34, ಸೇವೆಗೆ 35ರಿಂದ 45. ಹುರಿದ ಗೇರುಬೀಜ, ಬಾಳೆಕಾಯಿ ಚಿಪ್ಸ್, ಉಪ್ಪಿನಕಾಯಿ 29ರಲ್ಲಿ. ಮಸಾಲೆ ಪುಡಿ, ಕಾಫಿ, ಐಸ್‌ಕ್ರೀಂ 30ರಲ್ಲಿ. ಉಪ್ಪಿನಕಾಯಿ 29 ಆದರೆ ಚಟ್ನಿ 30 — ಯಾಕೆಂದು ಕೇಳಬೇಡಿ, ಜಾಗತಿಕ ಪಟ್ಟಿಯೇ ಹಾಗಿದೆ. ಸಿದ್ಧ ಉಡುಪು 25, ಬೀಡಿ 34, ಮಂಗಳೂರು ಹೆಂಚು 19, ಆ್ಯಪ್ ಆದರೆ 9 ಮತ್ತು 42.

ನನ್ನದೇ ತಪ್ಪು ಒಂದು ಹೇಳುತ್ತೇನೆ. ವಕೀಲಿಕೆಯ ಮೊದಲ ವರ್ಷಗಳಲ್ಲಿ ಒಂದು ಹೋಟೆಲಿನವರಿಗೆ 30ರಲ್ಲಿ ಮಾತ್ರ ಅರ್ಜಿ ಹಾಕಿದ್ದೆ. ಕಾಫಿ, ತಿಂಡಿ ಎಲ್ಲ ಅಲ್ಲೇ ಬರುತ್ತದಲ್ಲ ಎಂಬ ಲೆಕ್ಕ. ಹೋಟೆಲು ನಡೆಸುವ ಸೇವೆ 43. ಎರಡು ವರ್ಷದ ಮೇಲೆ ಅದೇ ಹೆಸರಿನ ಇನ್ನೊಂದು ಹೋಟೆಲು ಎದ್ದಾಗಲೇ ನನಗೆ ಹೊಳೆದದ್ದು. ಎರಡನೇ ಅರ್ಜಿಯ ಫೀಸು ನಾನೇ ಕಟ್ಟಿದೆ. ಯಜಮಾನರು ಬೈಯಲಿಲ್ಲ, ಬನ್ಸ್ ಕಟ್ಟಿಸಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಕ್ಲಾಸ್ ಬೇರೆಯಾದರೆ ಒಂದೇ ಹೆಸರು ಇಬ್ಬರಿಗೂ ಸಿಗಬಹುದೇ? ಸಿಗಬಹುದು. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಹಾಲು ಮಹಾಮಂಡಳದ 'ನಂದಿನಿ' 1985ರಿಂದ ಇದೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿನವರು ಆ ಹೆಸರು ಬಳಸತೊಡಗಿದ್ದು 1989ರಿಂದ. ಹೋಟೆಲಿನವರ ನೋಂದಣಿಯ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ 2018ರಲ್ಲಿ ಹೋಟೆಲಿನವರ ಪರ ತೀರ್ಪಾಯಿತು. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಕಟ್ಟಿದ ಪದವಲ್ಲ. ಇಬ್ಬರ ಗುರುತಿನ ಚಿತ್ರ ಬೇರೆ, ಸರಕೂ ಬೇರೆ ಎಂದು ಕೋರ್ಟ್ ಹೇಳಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರ ನೋಂದಣಿಯಿಂದ ಹೊರಗಿಟ್ಟಿತು. ಓದಲು ಧೈರ್ಯ ಕೊಡುವ ತೀರ್ಪು. ಆದರೆ ಅಷ್ಟು ದೂರ ಹೋಗಿ ಗೆಲ್ಲುವ ಶಕ್ತಿ ನಿಮ್ಮ ಅಂಗಡಿಗಿದೆಯೇ ಎಂದು ಮೊದಲು ಕೇಳಿಕೊಳ್ಳಿ.

3. ಕಂಪನಿ ಬೇಕೇ ಬೇಕಾ?

ನನ್ನ ಹತ್ತಿರ "ಪ್ರೈವೇಟ್ ಲಿಮಿಟೆಡ್ ಮಾಡಿಸಿ" ಎಂದು ಬರುವವರಲ್ಲಿ ಹೆಚ್ಚಿನವರಿಗೆ ಸದ್ಯಕ್ಕೆ ಅದು ಬೇಡ. ಮನೆಯಲ್ಲಿ ಕೇಕ್ ಮಾಡಿ ಮಾರುವವರಿಗೆ, ಒಬ್ಬರೇ ಟೈಲರಿಂಗ್ ನಡೆಸುವವರಿಗೆ ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬರದೇ ಒಡೆತನ, ಸಾಕು. ಅದಕ್ಕೆ ಪ್ರತ್ಯೇಕ ನೋಂದಣಿ ಇಲ್ಲ. ಮಹಾನಗರ ಪಾಲಿಕೆಯದೋ ನಗರಸಭೆಯದೋ ಪಂಚಾಯತಿನದೋ ಟ್ರೇಡ್ ಲೈಸೆನ್ಸ್, ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಜೊತೆಗೆ ಸಣ್ಣ ಉದ್ದಿಮೆಗಳಿಗೆಂದೇ ಇರುವ ಉದ್ಯಮ್ ನೋಂದಣಿ. ಉದ್ಯಮ್ ಪೂರ್ತಿ ಉಚಿತ, ಆಧಾರ್ ಇದ್ದರೆ ಕೂತಲ್ಲೇ ಆಗುತ್ತದೆ. ಅದೇ ಹೆಸರಿಗೆ ಹತ್ತಿರವಾದ ಖಾಸಗಿ ಸೈಟುಗಳು ಸಾವಿರಗಟ್ಟಲೆ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು ಇದೆಯೇ ನೋಡಿಕೊಳ್ಳಿ. ಈ ಸರ್ಟಿಫಿಕೇಟ್ ಮುಂದೆ ಟ್ರೇಡ್‌ಮಾರ್ಕ್ ಫೀಸು ಅರ್ಧ ಮಾಡಿಕೊಡುತ್ತದೆ, ಬ್ಯಾಂಕಿನಲ್ಲಿ ಕರೆಂಟ್ ಅಕೌಂಟಿಗೂ ಬೇಕಾಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ನಮ್ಮ ಗಡಿ ಒಂದು ಫಜೀತಿ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಕಾಗಿಲ್ಲ ಎಂದು ನಿಶ್ಚಿಂತೆಯಿಂದ ಇರುತ್ತೀರಿ. ಆದರೆ ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಕಳಿಸಿದರೆ ಆ ಮಿತಿ ಲೆಕ್ಕಕ್ಕಿಲ್ಲ. ತೊಕ್ಕೊಟ್ಟಿನ ಬೇಕರಿಯವರಿಗೆ ಮಂಜೇಶ್ವರ ಪಕ್ಕದ ಊರು. ಕಾನೂನಿಗೆ ತಲಪಾಡಿ ಗೇಟು ದಾಟಿದರೆ ಅದು ಕೇರಳ. ಮೊದಲ ಪೆಟ್ಟಿಗೆ ಖಾರಿ ಹೋಗುವ ಮೊದಲೇ ಜಿಎಸ್‌ಟಿ ಬೇಕು.

ಇಬ್ಬರು ಮೂವರು ಸೇರಿದರೆ ಪಾಲುದಾರಿಕೆ. ಕೇಟರಿಂಗ್, ಶಾಮಿಯಾನ, ಮೀನಿನ ವ್ಯಾಪಾರ ಎಲ್ಲ ನಮ್ಮಲ್ಲಿ ನಡೆಯುವುದು ಹೀಗೆಯೇ, ಅದೂ ಹೆಚ್ಚಾಗಿ ಬಾಯಿ ಮಾತಿನ ಮೇಲೆ. ಡೀಡ್ (ಪಾಲುದಾರಿಕೆಯ ಪತ್ರ) ಬರೆಸಿದವರೂ ಅದನ್ನು ನೋಟರಿ ಮಾಡಿಸಿ ಕಪಾಟಿನಲ್ಲಿಡುತ್ತಾರೆ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಇರುವುದು ಇವರಿಗಾಗಿಯೇ. ಫರ್ಮ್ ರಿಜಿಸ್ಟರ್ ಆಗದಿದ್ದರೆ ಮದುವೆ ಊಟದ ಬಾಕಿ ಎಂಟು ಲಕ್ಷ ಕೊಡದವರ ಮೇಲೆ ಆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲು ಆಗುವುದಿಲ್ಲ. ಅವರು ಮಾತ್ರ ನಿಮ್ಮ ಮೇಲೆ ಹೂಡಬಹುದು! ನೋಂದಣಿ ಮತ್ತು ಮುದ್ರಾಂಕ ಇಲಾಖೆಯಲ್ಲಿ ಫರ್ಮ್ ನೋಂದಾಯಿಸಿ. ಇಷ್ಟು ಮಾಡಿದರೂ ಫರ್ಮಿನ ಸಾಲಕ್ಕೆ ಪಾಲುದಾರರ ಮನೆ, ಜಾಗ ಎಲ್ಲ ಹೊಣೆ ಎಂಬುದು ನೆನಪಿರಲಿ.

ಆ ಹೊಣೆ ಬೇಡ ಅನ್ನುವವರಿಗೆ 2008ರ ಕಾಯ್ದೆಯ ಎಲ್‌ಎಲ್‌ಪಿ. ವಹಿವಾಟು 40 ಲಕ್ಷ ದಾಟದಿದ್ದರೆ ಅಥವಾ ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಕಡ್ಡಾಯವಿಲ್ಲ. ಸಲಹಾ ಸೇವೆ, ಡಿಸೈನ್, ಅಕೌಂಟಿಂಗ್ ಮಾಡುವವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಪ್ರೈವೇಟ್ ಲಿಮಿಟೆಡ್ ಬೇಕಾಗುವುದು ಹೊರಗಿನವರಿಂದ ಷೇರು ಬಂಡವಾಳ ತರುವಾಗ, ದೊಡ್ಡ ಕಂಪನಿಗಳು ಅದನ್ನೇ ಕೇಳುವಾಗ, ಇಲ್ಲವೇ ಉದ್ಯೋಗಿಗಳಿಗೆ ಷೇರು ಕೊಡುವ ಯೋಚನೆ ಇರುವಾಗ. ಒಬ್ಬರೇ ಇದ್ದರೆ ಒನ್ ಪರ್ಸನ್ ಕಂಪನಿ ಇದೆ. ಮಾಡುವುದು ಸುಲಭ, ಸಾಕುವುದು ಕಷ್ಟ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಆಡಿಟ್ ಆಗಬೇಕು. ವರ್ಷದ ಲೆಕ್ಕದ ಫಾರಂ, ವಾರ್ಷಿಕ ರಿಟರ್ನ್ ಎರಡೂ ಹೋಗಬೇಕು, ತಡವಾದರೆ ಫಾರಂ ಒಂದಕ್ಕೆ ದಿನಕ್ಕೆ 100 ರೂಪಾಯಿ. ಅದಕ್ಕೆ ಮೇಲ್ಮಿತಿ ಇಲ್ಲ. ಮೂರು ವರ್ಷ ಸತತವಾಗಿ ಬಿಟ್ಟರೆ ಡೈರೆಕ್ಟರುಗಳು ಐದು ವರ್ಷ ಅನರ್ಹರು. ಮುಚ್ಚುತ್ತೇನೆ ಎಂದರೂ ಸರ್ಕಾರಿ ಫೀಸೇ 10,000, ಅದೂ ಹಳೆ ಬಾಕಿ ರಿಟರ್ನ್ ಎಲ್ಲ ತುಂಬಿದ ಮೇಲೆ. ಗೆಳೆಯರ ಉಮೇದಿನಲ್ಲಿ ಕಂಪನಿ ಮಾಡಿ ಮರೆತವರು ಮಣಿಪಾಲದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

4. ಕಂಪನಿಯೇ ಎಂದು ನಿರ್ಧರಿಸಿದರೆ

ಎಲ್ಲವೂ ಆನ್‌ಲೈನ್, ಫಾರಂ ಹೆಸರು ಸ್ಪೈಸ್ ಪ್ಲಸ್. ಅರ್ಜಿ ನೋಡುವವರು ಹರಿಯಾಣದ ಮಾನೇಸರದ ಕೇಂದ್ರದಲ್ಲಿ ಕೂತಿದ್ದಾರೆ. ಹಾಗಾಗಿ "ಬೆಂಗಳೂರಲ್ಲಿ ನಂಗೆ ಜನ ಉಂಟು, ಬೇಗ ಮಾಡಿಸ್ತೇನೆ" ಎನ್ನುವವರಿಗೆ ಹೆಚ್ಚು ದುಡ್ಡು ಕೊಡಬೇಡಿ.

ಡೈರೆಕ್ಟರುಗಳಿಗೆ ಡಿಜಿಟಲ್ ಸಹಿ ಮಾಡಿಸಿ. ಫಾರಂನ ಮೊದಲ ಭಾಗದಲ್ಲಿ ಹೆಸರು ಕಾಯ್ದಿರಿಸಿ. ಮಂಜೂರಾದ ಹೆಸರು 20 ದಿನ ನಿಮಗಾಗಿ ಇರುತ್ತದೆ, ಅಷ್ಟರಲ್ಲಿ ಎರಡನೇ ಭಾಗ ತುಂಬಬೇಕು. ಅಧಿಕೃತ ಬಂಡವಾಳ (ಕಂಪನಿ ಎಷ್ಟರವರೆಗೆ ಷೇರು ಹಂಚಬಹುದು ಎಂಬ ಮಿತಿ) 15 ಲಕ್ಷದವರೆಗೆ ಸಚಿವಾಲಯದ ನೋಂದಣಿ ಫೀಸು ಸೊನ್ನೆ, ರಾಜ್ಯದ ಸ್ಟಾಂಪ್ ಡ್ಯೂಟಿ ಮಾತ್ರ ಬೇರೆ. ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟಲು ಬೇಕಾದ ನಂಬರ್) ಸರ್ಟಿಫಿಕೇಟಿನ ಜೊತೆಗೇ ಬರುತ್ತವೆ.

ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಆಫೀಸಿನ ವಿಳಾಸದ ವಿಷಯಕ್ಕೆ. ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಮತ್ತು ಜಾಗದ ಮಾಲೀಕರ ಒಪ್ಪಿಗೆ ಪತ್ರ ಬೇಕು. ನಮ್ಮಲ್ಲಿ ಮನೆ ಇನ್ನೂ ಅಜ್ಜಿಯ ಹೆಸರಲ್ಲಿ, ಮೆಸ್ಕಾಂ ಬಿಲ್ಲು ತೀರಿಹೋದ ದೊಡ್ಡಮಾವನ ಹೆಸರಲ್ಲಿ ಇರುತ್ತದೆ. ಕಂಪನಿ ಮಾಡುವ ಮೂರು ತಿಂಗಳ ಮುಂಚೆಯೇ ಆ ಬಿಲ್ಲಿನ ಹೆಸರು ಸರಿಮಾಡಿಸಿ.

ಅಣ್ಣ ಗಲ್ಫ್‌ನಲ್ಲಿದ್ದಾನೆ, ಅವನನ್ನೂ ಡೈರೆಕ್ಟರ್ ಮಾಡಬೇಕು ಎಂದರೆ ಅಡ್ಡಿಯಿಲ್ಲ. ಆದರೆ ಕಡೇಪಕ್ಷ ಒಬ್ಬ ಡೈರೆಕ್ಟರ್ ವರ್ಷಕ್ಕೆ 182 ದಿನ ಭಾರತದಲ್ಲಿ ಇರುವವರಾಗಿರಬೇಕು. ಅಣ್ಣನ ದಾಖಲೆ ಅವನಿರುವ ದೇಶದಲ್ಲೇ ದೃಢೀಕರಣ ಆಗಬೇಕು. ಅದಕ್ಕಿಂತ ಮುಖ್ಯ, ಷೇರಿನ ದುಡ್ಡನ್ನು ಅಮ್ಮನ ಅಕೌಂಟಿಗೆ ಮನೆಖರ್ಚು ಎಂದು ಕಳಿಸಿ ಅಲ್ಲಿಂದ ಕಂಪನಿಗೆ ಹಾಕಬೇಡಿ. ಆ ಹೂಡಿಕೆಯನ್ನು ಮುಂದೊಮ್ಮೆ ವಿದೇಶಕ್ಕೆ ವಾಪಸ್ ಒಯ್ಯುವ ಹಕ್ಕು ಬೇಕಿದ್ದರೆ ಅದು ಬ್ಯಾಂಕಿನ ಸರಿಯಾದ ದಾರಿಯಲ್ಲೇ ಬರಬೇಕು, ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಹೋಗಬೇಕು.

ಸರ್ಟಿಫಿಕೇಟ್ ಬಂದ ದಿನ ಫೋಟೋ ಹಾಕಿ ಸಂಭ್ರಮಿಸಿ, ಮರುದಿನ ಕ್ಯಾಲೆಂಡರ್ ತೆಗೆಯಿರಿ. 30 ದಿನದೊಳಗೆ ಮೊದಲ ಬೋರ್ಡ್ ಮೀಟಿಂಗ್ ಮತ್ತು ಆಡಿಟರ್ ನೇಮಕ. 180 ದಿನದೊಳಗೆ ಷೇರಿನ ದುಡ್ಡು ಕಂಪನಿ ಖಾತೆಗೆ ಬಂದಿದೆ ಎಂಬ ಘೋಷಣೆ. ಈ ಎರಡನೆಯದು ಸಲ್ಲಿಸದೆ ವ್ಯಾಪಾರ ಶುರು ಮಾಡುವಂತೆಯೇ ಇಲ್ಲ.

5. ಲೋಗೋ, ಕೋಡ್ ಯಾರದ್ದು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲೋಗೋ ಮಾಡಿಸಲು ನಿಮ್ಮ ತಂಗಿಯ ಗೆಳತಿಗೆ ಐದು ಸಾವಿರ ಕೊಟ್ಟಿರಿ. ದುಡ್ಡು ಕೊಟ್ಟದ್ದು ನೀವು, ಆದರೆ ಲೋಗೋ ನಿಮ್ಮದೇ? 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬಿಡಿಸಿದವರೇ ಮೊದಲ ಒಡೆಯರು. ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರಿಗೆ ಸೇರುತ್ತದೆ; ಹೊರಗಿನಿಂದ ಮಾಡಿಸಿದ ಲೋಗೋ ಹಾಗಲ್ಲ. ಬರವಣಿಗೆಯಲ್ಲಿ, ಸಹಿಯೊಂದಿಗೆ ಹಸ್ತಾಂತರ ಆಗಬೇಕು. ಅಲ್ಲೂ ಒಂದು ಸಿಕ್ಕು: ಅವಧಿ ಎಷ್ಟು ಎಂದು ಬರೆಯದಿದ್ದರೆ 19ನೇ ಸೆಕ್ಷನ್ ಅದನ್ನು ಐದು ವರ್ಷ ಎಂದೇ ಓದುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷ ಬಳಸದಿದ್ದರೆ ಹಕ್ಕೇ ಬಿದ್ದುಹೋಗಬಹುದು.

ಆದ್ದರಿಂದ ಕಾಗದದಲ್ಲಿ ಹೀಗೆ ಬರೆಸಿ: "ಈ ಜೊತೆಗಿರುವ ಲೋಗೋದ ಕಾಪಿರೈಟನ್ನು ಅದರ ಪೂರ್ಣ ಅವಧಿಗೆ, ಜಗತ್ತಿನ ಎಲ್ಲ ದೇಶಗಳಿಗೂ ಅನ್ವಯಿಸುವಂತೆ, ಇಂತಿಷ್ಟು ರೂಪಾಯಿ ಪಡೆದು ಇಂಥವರಿಗೆ ಹಸ್ತಾಂತರಿಸಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ಹಸ್ತಾಂತರ ರದ್ದಾಗುವುದಿಲ್ಲ." ಕೆಳಗೆ ತಾರೀಕು, ಸಹಿ, ಲೋಗೋದ ಪ್ರಿಂಟು. ಒಂದೇ ಪುಟ.

ಕೋಡಿಗೂ ಇದೇ ಕಾನೂನು. ಮಣಿಪಾಲದಲ್ಲಿ ಓದುವಾಗ ಇಬ್ಬರು ಹುಡುಗರು ಬಸ್ಸಿನ ಸಮಯ ತೋರಿಸುವ ಆ್ಯಪ್ ಮಾಡಿದರು. ಒಬ್ಬ ಕೋಡ್ ಬರೆದ, ಇನ್ನೊಬ್ಬ ಬಸ್ ಮಾಲೀಕರ ಹಿಂದೆ ಅಲೆದ. ಕಂಪನಿ ಆಯಿತು, ಷೇರು ಅರ್ಧರ್ಧ. ಎಂಟು ತಿಂಗಳಿಗೆ ಕೋಡ್ ಬರೆದವನಿಗೆ ಕೆನಡಾದಲ್ಲಿ ಸೀಟು ಸಿಕ್ಕಿತು. ಕೋಡ್ ಇದ್ದದ್ದು ಅವನ ಸ್ವಂತ ಖಾತೆಯಲ್ಲಿ, ಬರೆದದ್ದು ಕಂಪನಿ ಹುಟ್ಟುವ ಮೊದಲು, ಹಸ್ತಾಂತರದ ಕಾಗದ ಇಲ್ಲ. ಕಂಪನಿಯ ಹತ್ತಿರ ಉಳಿದದ್ದು ಒಂದು ಹೆಸರು ಮತ್ತು ಬಸ್ ಮಾಲೀಕರ ಫೋನ್ ನಂಬರುಗಳು. ಹುಡುಗ ಒಳ್ಳೆಯವನು, ವಿಮಾನ ಹತ್ತುವ ಮೊದಲು ಸಹಿ ಹಾಕಿ ಹೋದ. ಎಲ್ಲರೂ ಅಷ್ಟು ಒಳ್ಳೆಯವರಲ್ಲ. ಕಂಪನಿ ಆದ ಮೊದಲ ವಾರವೇ ಎಲ್ಲ ಸ್ಥಾಪಕರು ಹಿಂದಿನ ಮತ್ತು ಮುಂದಿನ ಕೆಲಸವನ್ನು ಕಂಪನಿಗೆ ಬರೆದುಕೊಡಬೇಕು. ನಡುವೆ ಬಿಟ್ಟು ಹೋದರೆ ಷೇರು ಎಷ್ಟು ವಾಪಸ್ ಎಂದೂ ಅಲ್ಲೇ ಬರೆದುಕೊಳ್ಳಿ. ಕಾಲೇಜಿನ ಲ್ಯಾಬಿನಲ್ಲಿ ಮಾಡಿದ್ದಾದರೆ ಕಾಲೇಜಿನ ನಿಯಮವನ್ನೂ ಓದಿ, ಪಾಲು ಅವರದ್ದೂ ಇರಬಹುದು.

6. ಟ್ರೇಡ್‌ಮಾರ್ಕ್ ಅರ್ಜಿ

ಕರ್ನಾಟಕಕ್ಕೆ ಚೆನ್ನೈ ಕಚೇರಿ; ಅರ್ಜಿ ಆನ್‌ಲೈನ್, ಫಾರಂ ಟಿಎಂ-ಎ. ವ್ಯಕ್ತಿ, ಸ್ಟಾರ್ಟಪ್ ಅಥವಾ ಉದ್ಯಮ್ ಇರುವ ಸಣ್ಣ ಉದ್ದಿಮೆಗೆ ಕ್ಲಾಸ್ ಒಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ದುಡ್ಡು ಒಂದೇ ಅರ್ಜಿಗೆ ಇದ್ದರೆ ಲೋಗೋಗಿಂತ ಮೊದಲು ಬರೀ ಪದಕ್ಕೆ ಹಾಕಿ. ಲೋಗೋ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪದ ಹಾಗೆಯೇ ಉಳಿಯುತ್ತದೆ. ಗುರುತಿನಲ್ಲಿ ಕನ್ನಡ ಅಕ್ಷರ ಇದ್ದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು.

ಅರ್ಜಿದಾರರು ಯಾರು ಎಂಬಲ್ಲಿ ಎಚ್ಚರ. ಕಂಪನಿ ಇದ್ದರೆ ಕಂಪನಿ ಹೆಸರಲ್ಲೇ ಹಾಕಿ, ಅಥವಾ ನಿಮ್ಮ ಹೆಸರಲ್ಲಿ ಹಾಕಿ ಕಂಪನಿಗೆ ಬಳಕೆಯ ಲೈಸೆನ್ಸ್ ಬರೆದುಕೊಡಿ. ಎರಡೂ ಮಾಡದೆ ಬಿಟ್ಟರೆ ಜಗಳ ಬರುವುದು ಮುಂದಿನ ತಲೆಮಾರಿಗೆ. ಅಪ್ಪ ಕಟ್ಟಿದ ಬೇಕರಿ, ಮೂವರು ಗಂಡುಮಕ್ಕಳು, ಒಬ್ಬ ಅಳಿಯ. ಪಾಲುಪಟ್ಟಿಯಲ್ಲಿ ಒಲೆ, ಮಿಕ್ಸರು, ಅಂಗಡಿಯ ಪಗಡಿ ಎಲ್ಲ ಬರೆದಿರುತ್ತದೆ, ಹೆಸರು ಯಾರಿಗೆ ಎಂದು ಇರುವುದಿಲ್ಲ. ಆಮೇಲೆ ಒಂದೇ ರಸ್ತೆಯಲ್ಲಿ ಮೂರು ಬೋರ್ಡು: ಮೂಲ, ನಿಜವಾದ ಮೂಲ, ಹಳೆಯ ಮೂಲ.

ಈಗಾಗಲೇ ಹೆಸರು ಬಳಸುತ್ತಿದ್ದರೆ ಎಂದಿನಿಂದ ಎಂದು ಅರ್ಜಿಯಲ್ಲಿ ಬರೆದು ಪುರಾವೆಯೊಂದಿಗೆ ಅಫಿಡವಿಟ್ ಕೊಡಬೇಕು. ಹಳೆಯ ಬಿಲ್ ಪುಸ್ತಕ, ಲೈಸೆನ್ಸ್, ಬ್ಯಾಂಕ್ ದಾಖಲೆ ಎಲ್ಲ ಆಗುತ್ತದೆ. ನನಗೆ ಹಲವು ಸಲ ಕೈಹಿಡಿದದ್ದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ. ಊರಿನ ಅಂಗಡಿಯವರೆಲ್ಲ ಅದರಲ್ಲಿ ಕಾಲು ಪುಟ ಶುಭಾಶಯದ ಜಾಹೀರಾತು ಕೊಟ್ಟಿರುತ್ತಾರೆ, ಇಸವಿ ಅಚ್ಚಾಗಿರುತ್ತದೆ. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಯಕ್ಷಗಾನ ಆಟದ ಕರಪತ್ರವೂ ನಡೆಯುತ್ತದೆ. ಮನೆಯ ಅಟ್ಟ ಹುಡುಕಿ.

ಅರ್ಜಿ ನಂಬರ್ ಬಂದ ಕೂಡಲೇ ಟ್ರೇಡ್‌ಮಾರ್ಕ್ ಸಿಕ್ಕಿತು ಎಂದು ಹೇಳುವ ಏಜೆಂಟರಿದ್ದಾರೆ. ಸಿಕ್ಕಿಲ್ಲ. ಹೆಸರಿನ ಪಕ್ಕ ಟಿಎಂ ಎಂದು ಹಾಕಿಕೊಳ್ಳಬಹುದು ಅಷ್ಟೇ. ವೃತ್ತದೊಳಗಿನ ಆರ್ ಗುರುತನ್ನು ನೋಂದಣಿಗೆ ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ. ಮೊದಲು ಮೂರು ವರ್ಷದವರೆಗೆ ಸಜೆ ಇತ್ತು, ಈಗ ದಂಡ. ಪರೀಕ್ಷಾ ವರದಿ ಬಂದರೆ 30 ದಿನದೊಳಗೆ ಉತ್ತರ ಹೋಗಬೇಕು. ಅದು ಬರುವುದು ಇಮೇಲಿಗೆ, ಅದೂ ಏಜೆಂಟರ ಇಮೇಲಿಗೆ. ಹಾಗಾಗಿ ತಿಂಗಳಿಗೊಮ್ಮೆ ನಿಮ್ಮ ನಂಬರ್ ಹಾಕಿ ನೀವೇ ಸ್ಥಿತಿ ನೋಡಿ. ನಂತರ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಣೆ, ನಾಲ್ಕು ತಿಂಗಳು ವಿರೋಧಕ್ಕೆ ಅವಕಾಶ. ಯಾರೂ ಬರದಿದ್ದರೆ ನೋಂದಣಿ, ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷಕ್ಕೆ. ನಂತರ ನವೀಕರಣ.

7. ಅಡುಗೆಮನೆಯ ಗುಟ್ಟು ಮತ್ತು ಮೇಳದ ಯಂತ್ರ

ಸುಕ್ಕದ ಮಸಾಲೆಗೆ ಪೇಟೆಂಟ್ ಸಿಗುತ್ತದಾ ಎಂದು ಕೇಳುತ್ತಾರೆ. ತಲೆತಲಾಂತರದ ತಿಳಿವಳಿಕೆಗೆ ಪೇಟೆಂಟ್ ಇಲ್ಲ. ಗುಟ್ಟಾಗಿಯೇ ಇಡಬೇಕು. ನಾನು ಕಂಡ ಒಂದು ಹೋಟೆಲಿನಲ್ಲಿ ಅತ್ತೆಯವರು ಮನೆಯಲ್ಲೇ ಪುಡಿ ಮಾಡಿ ಗುರುತಿಲ್ಲದ ಪ್ಯಾಕೆಟ್ಟುಗಳಲ್ಲಿ ಕಳಿಸುತ್ತಾರೆ. ಅಡುಗೆಯವರಿಗೆ ಗೊತ್ತಿರುವುದು "ಒಂದು ಕೇಜಿ ಕೋಳಿಗೆ ಒಂದು ಪ್ಯಾಕೆಟ್" ಎಂದು ಮಾತ್ರ. ಯಾವ ವಕೀಲರ ಕರಡಿಗಿಂತಲೂ ಗಟ್ಟಿ ವ್ಯವಸ್ಥೆ. ಗುಟ್ಟು ಹೊರಗೆ ಹೇಳಬಾರದು ಎಂದು ನೌಕರರಿಂದ ಬರೆಸಿಕೊಳ್ಳಬಹುದು. ಆದರೆ "ಕೆಲಸ ಬಿಟ್ಟ ಮೇಲೆ ಈ ಊರಲ್ಲಿ ಹೋಟೆಲ್ ಹಾಕಬಾರದು" ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಭಟ್ಟರು ಎದುರಿಗೇ ಬಾಣಲೆ ಇಟ್ಟರೆ ನೋಡುತ್ತಾ ಇರಬೇಕು.

ಯಂತ್ರವಾದರೆ ಕತೆ ಬೇರೆ. ಅಡಿಕೆ ಸುಲಿಯುವುದಕ್ಕೋ ಮರ ಹತ್ತುವುದಕ್ಕೋ ನಿಜವಾಗಿಯೂ ಹೊಸದೊಂದು ಮಾಡಿದ್ದರೆ ಕೃಷಿಮೇಳದಲ್ಲಿ ತೋರಿಸುವ ಮೊದಲು, ಯೂಟ್ಯೂಬಿಗೆ ಹಾಕುವ ಮೊದಲು ಪೇಟೆಂಟ್ ಅರ್ಜಿ ಹಾಕಿ. ಜನ ನೋಡಿದ ಮೇಲೆ ಅದು ಹೊಸದಲ್ಲ. ಪೂರ್ತಿ ಸಿದ್ಧವಾಗಿಲ್ಲ ಎಂದರೆ ತಾತ್ಕಾಲಿಕ ವಿವರಣೆ ಕೊಟ್ಟು ತಾರೀಕು ಹಿಡಿದುಕೊಳ್ಳಬಹುದು, 12 ತಿಂಗಳಲ್ಲಿ ಪೂರ್ತಿ ಕೊಡಬೇಕು. ವ್ಯಕ್ತಿಗಳಿಗೆ ಅರ್ಜಿ ಫೀಸು 1,600, ಮುಂದಿನ ಹಂತಗಳಿಗೆ ಬೇರೆ. ಆಕಾರ ಮಾತ್ರ ಹೊಸದಾದರೆ ಡಿಸೈನ್ ನೋಂದಣಿ ಅಗ್ಗ: 1,000 ರೂಪಾಯಿ, ಹತ್ತು ವರ್ಷ, ಮತ್ತೆ ಐದು.

ಉಡುಪಿ ಮಲ್ಲಿಗೆ, ಮಟ್ಟುಗುಳ್ಳ (ಮಟ್ಟುವಿನ ಬದನೆ), ಉಡುಪಿ ಸೀರೆ ಇವಕ್ಕೆ ಜಿಐ ಟ್ಯಾಗ್, ಅಂದರೆ ಊರಿನ ಸರಕಿಗೆ ಕೊಡುವ ಭೌಗೋಳಿಕ ಗುರುತು, ಇದೆ. ಆ ಹೆಸರು ಬೆಳೆಯುವವರ, ನೇಯುವವರ ಸಮುದಾಯದ್ದು. ನೀವು ಅಲ್ಲಿನ ಬೆಳೆಗಾರರೋ ನೇಕಾರರೋ ಆಗಿದ್ದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಬೇರೆ ಊರಿನ ಗುಳ್ಳಕ್ಕೆ ಮಟ್ಟು ಎಂದು ಚೀಟಿ ಅಂಟಿಸುವವರ ಮೇಲೆ ಕ್ರಮಕ್ಕೆ ಅದೇ ಆಧಾರ.

8. ನೋಟಿಸ್ ಬಂದರೆ

ಮೊದಲು, ಅದು ನೋಟಿಸೇ ಹೌದಾ ನೋಡಿ. ಜರ್ನಲ್‌ನಲ್ಲಿ ಹೆಸರು ಪ್ರಕಟವಾದ ಮೇಲೆ ವಿದೇಶಿ ವಿಳಾಸದಿಂದ ಬಿಲ್ಲಿನಂಥ ಕಾಗದ ಬರುತ್ತದೆ, ಯಾವುದೋ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲು ಇಷ್ಟು ಡಾಲರ್ ಎಂದು. ಕಸದ ಬುಟ್ಟಿಗೆ ಹಾಕಿ.

ನಿಜವಾದ ನೋಟಿಸಾದರೆ ಕೋಪದಲ್ಲಿ ವಾಟ್ಸಾಪ್ ಉತ್ತರ ಬರೆಯಬೇಡಿ, ಹೆದರಿ ಕ್ಷಮಾಪಣೆಯನ್ನೂ ಬರೆಯಬೇಡಿ. ಎರಡೂ ಕೋರ್ಟಿನಲ್ಲಿ ಓದಲ್ಪಡುತ್ತವೆ. ತಾರೀಕುಗಳನ್ನು ಪಕ್ಕಪಕ್ಕ ಬರೆಯಿರಿ: ನೀವು ಬಳಸಲು ಶುರು ಮಾಡಿದ್ದು ಎಂದು, ಅವರು ಬಳಸಿದ್ದು ಎಂದು, ಅವರ ನೋಂದಣಿ ಎಂದು. ನಿಮ್ಮ ಬಳಕೆ ಆ ಎರಡಕ್ಕಿಂತಲೂ ಹಿಂದಿನದು, ನಡುವೆ ಬಿಟ್ಟಿಲ್ಲ ಎಂದಾದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ನಿಮ್ಮನ್ನು ಕಾಯುತ್ತದೆ. ಬೇರೆಯವರು ನಿಮ್ಮ ಹೆಸರು ಕದ್ದಿದ್ದರೆ, ನಿಮ್ಮದು ನೋಂದಣಿ ಆಗಿದ್ದರೆ, ಅವರು ಎಲ್ಲೇ ಇರಲಿ ನಿಮ್ಮ ವ್ಯಾಪಾರ ಇರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ತುರ್ತು ತಡೆಯಾಜ್ಞೆ ಬೇಕಿಲ್ಲದ ವಾಣಿಜ್ಯ ವ್ಯಾಜ್ಯವಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು.

ಗೇರುಬೀಜದ ಅಕ್ಕನ ತಾರೀಕುಗಳನ್ನು ಬರೆದು ನೋಡಿದೆವು. ಅಕ್ಕನ ಮೊದಲ ಬಿಲ್ಲಿಗಿಂತ ನಾಲ್ಕು ವರ್ಷ ಮೊದಲೇ ಕೇರಳದವರ ಅರ್ಜಿ ಇತ್ತು, ಅದೂ 29ರಲ್ಲೇ. ಹೋರಾಡಲು ಏನೂ ಇರಲಿಲ್ಲ. ಮಾತುಕತೆಯಲ್ಲಿ ಮೂರು ತಿಂಗಳ ಸಮಯ ಸಿಕ್ಕಿತು, ಇರುವ ಪೌಚು ಕರ್ನಾಟಕದೊಳಗೆ ಮಾರಿ ಮುಗಿಸುವ ಷರತ್ತಿನ ಮೇಲೆ. ಕಂಪನಿಯ ಹೆಸರೂ ಬದಲಾಯಿತು; ಅದಕ್ಕೆ ವಿಶೇಷ ಠರಾವು, ಹೊಸ ಹೆಸರಿನ ಅರ್ಜಿ, ಆಮೇಲೆ ಪ್ಯಾನ್, ಬ್ಯಾಂಕ್, ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಎಲ್ಲದರಲ್ಲೂ ತಿದ್ದುಪಡಿ. ಹೊಸ ಹೆಸರನ್ನು ನಮ್ಮ ಆಫೀಸಿನ ಬೆಂಚಿನಲ್ಲಿ ಕೂತು ಅವರೇ ಫೋನಿನಲ್ಲಿ ಹುಡುಕಿದರು, ಐದು ಸ್ಪೆಲ್ಲಿಂಗ್ ಹಾಕಿ.

9. ವಕೀಲರ ಹತ್ತಿರ ಹೋಗುವಾಗ

ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಸ್ಟಾರ್ಟಪ್ ಮಾನ್ಯತೆ ಇದ್ದರೆ ಟ್ರೇಡ್‌ಮಾರ್ಕ್, ಪೇಟೆಂಟ್ ಅರ್ಜಿ ಮಾಡಿಕೊಡುವವರ ಶುಲ್ಕವನ್ನು ಸರ್ಕಾರವೇ ಭರಿಸುವ ಯೋಜನೆಯಿದೆ, ಅರ್ಜಿಯ ಸರ್ಕಾರಿ ಫೀಸು ಮಾತ್ರ ನಿಮ್ಮದು.

ಹೋಗುವಾಗ ಇವಿಷ್ಟು ಚೀಲದಲ್ಲಿರಲಿ: ಆಧಾರ್, ಪ್ಯಾನ್, ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಅದು, ಹೆಸರು ಇರುವ ಅತ್ಯಂತ ಹಳೆಯ ಬಿಲ್, ಲೋಗೋ ಮಾಡಿದವರಿಗೆ ದುಡ್ಡು ಕೊಟ್ಟ ದಾಖಲೆ, ಪಾಲುದಾರರಿದ್ದರೆ ಡೀಡ್. ಪಾಲುದಾರರನ್ನೂ ಕರೆದುಕೊಂಡು ಬನ್ನಿ. ಒಬ್ಬರೇ ಬಂದು "ಅವನಿಗೆ ನಾನು ಹೇಳ್ತೇನೆ ಸರ್" ಅನ್ನುವವರ ಫೈಲು ನನ್ನ ಕಪಾಟಿನಲ್ಲಿ ಬೇರೆಯೇ ಒಂದು ಖಾನೆಯಲ್ಲಿದೆ.